ಅವ್ವನ ಊರಿಗೆ ದಾರಿ: ಮನೆಮಂದಿಯ ಜೊತೆ ಹಾಸನದ ಅಪರೂಪದ ಜಾಗಗಳಿಗೆ ಹೋಗುವುದು ಹೇಗೆ

ನಮ್ಮ ಅವ್ವನ ತವರೂರು ಹೇಮಾವತಿಯ ನೀರಿನಡಿ ಇದೆ. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಣ್ಣ ಹುಟ್ಟಿದಾಗ ಅವ್ವನ ಬಾಣಂತನ ಆ ಊರಲ್ಲೇ ಆಯಿತು. ನಾನು ಹುಟ್ಟುವ ಹೊತ್ತಿಗೆ ಊರೇ ಇರಲಿಲ್ಲ. ನಾವಿರುವುದು ಹಾಸನದಲ್ಲಿ. ಅಲ್ಲಿಂದ ಹಿನ್ನೀರಿನ ದಡಕ್ಕೆ ಹೆಚ್ಚೆಂದರೆ ಮುಕ್ಕಾಲು ಗಂಟೆ ದಾರಿ. ಆದರೂ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋಗಲು ನನಗೆ ನಲವತ್ತು ವರ್ಷ ಬೇಕಾಯಿತು.

ಅದಕ್ಕೂ ಮೊದಲು ಮನೆಮಂದಿಯೆಲ್ಲ ಪ್ರವಾಸ ಹೋಗಿರಲಿಲ್ಲ ಅಂತಲ್ಲ. ಒಮ್ಮೆ ಬೆಂಗಳೂರಿನ ನೆಂಟರು ಬಂದಾಗ ಒಂದೇ ದಿನದಲ್ಲಿ ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರನ್ನೂ ಮುಗಿಸಿದೆವು. ಶ್ರವಣಬೆಳಗೊಳದ ವಿಂಧ್ಯಗಿರಿ ಬೆಟ್ಟಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲು. ಅವ್ವ ಕೆಳಗೇ ಕೂತರು. ಹಳೇಬೀಡಿನಲ್ಲಿ ಬಿಸಿಲು ಏರಿತ್ತು, ಅಲ್ಲೂ ಮರದಡಿ ಕೂತರು. ಬೇಲೂರಿನಲ್ಲಿ ಕಾಲು ಊದಿಕೊಂಡು ಗಾಡಿಯಿಂದ ಇಳಿಯಲೇ ಇಲ್ಲ. ರಾತ್ರಿ ಕೇಳಿದ್ದಕ್ಕೆ "ಚೆನ್ನಾಗಿತ್ತು ಕಣವ್ವ" ಅಂದರು. ಆ ಮಾತು ನನ್ನನ್ನು ತುಂಬ ದಿನ ಕಾಡಿತು.

ಆಮೇಲೆ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ವಯಸ್ಸಾದ ಅಪ್ಪ ಅಮ್ಮ, ಚಿಕ್ಕ ಮಕ್ಕಳು ಇಬ್ಬರೂ ಇರುವ ಮನೆಯವರಿಗೆ ಇದು ಜಾಸ್ತಿ ಉಪಯೋಗ ಆದೀತು.

1. ಜಾಗ ಆರಿಸುವ ಮೊದಲು ಮನೆಯವರ ಮಾತು ಕೇಳಿ

ನಾವು ಸಾಮಾನ್ಯವಾಗಿ ಮೊಬೈಲ್ ತೆಗೆದು, ಯಾವ ಜಾಗದ ಫೋಟೋ ಚೆನ್ನಾಗಿದೆ ಅಂತ ನೋಡಿ ಹೊರಟುಬಿಡುತ್ತೇವೆ. ಅದರ ಬದಲು ಒಂದು ವಾರ ಮನೆಯಲ್ಲಿ ಸುಮ್ನೆ ಕಿವಿಗೊಟ್ಟು ನೋಡಿ. ಹಿರಿಯರು ಮತ್ತೆ ಮತ್ತೆ ಯಾವ ಊರಿನ ಹೆಸರು ತೆಗೆಯುತ್ತಾರೆ? ಮಕ್ಕಳು ಯಾವ ಕಥೆಯನ್ನು ಎರಡನೇ ಸಲ ಕೇಳುತ್ತಾರೆ?

"ಎಲ್ಲಿಗೆ ಹೋಗೋಣ?" ಅಂತ ನೇರವಾಗಿ ಕೇಳಿದರೆ ಹಿರಿಯರು ಬಾಯಿ ಬಿಡುವುದಿಲ್ಲ. "ನಿಮ್ಮಿಷ್ಟ, ನನ್ನದೇನಿದೆ" ಅಂದುಬಿಡುತ್ತಾರೆ. ನಮ್ಮವ್ವ ಹಾಗೇ. ಆದರೆ ಕೆರೆ ಮೀನು ತಂದ ದಿನ "ನಮ್ಮೂರ ಹೊಳೆ ಮೀನಿನ ರುಚಿ ಇದಕ್ಕೆಲ್ಲಿ" ಅನ್ನುತ್ತಾರೆ. ರಾಗಿ ಚೀಲಕ್ಕೆ ಹುಳ ಬಿದ್ದ ದಿನ ಹಗೇವಿನ, ಅಂದರೆ ನೆಲದೊಳಗೆ ಧಾನ್ಯ ತುಂಬಿಡುತ್ತಿದ್ದ ಗುಂಡಿಯ, ಮಾತು ತೆಗೆಯುತ್ತಾರೆ. ಎಲ್ಲಿಗೆ ಹೋಗಬೇಕು ಅನ್ನುವುದು ಆ ಮಾತುಗಳಲ್ಲೇ ಇತ್ತು. ನಾನು ಕೇಳಿಸಿಕೊಂಡಿರಲಿಲ್ಲ ಅಷ್ಟೇ.

ಮಗನಿಗೆ ಆಗ ಒಂಬತ್ತು ವರ್ಷ. ಅವನಿಗೆ ದೆವ್ವ, ಬೇತಾಳದ ಕಥೆ ಅಂದರೆ ಪ್ರಾಣ. ಹಾಗಾಗಿ ಅಜ್ಜಿಗೆ ಹಿನ್ನೀರಿನ ದಡ, ಮೊಮ್ಮಗನಿಗೆ ದೊಡ್ಡಗದ್ದವಳ್ಳಿ ಅಂತ ತೀರ್ಮಾನ ಆಯಿತು. ದೊಡ್ಡಗದ್ದವಳ್ಳಿ ಯಾಕೆ ಅಂತ ಮುಂದೆ ಹೇಳುತ್ತೇನೆ. ಮನೆಯ ಹಿರಿಯರಿಗೊಂದು, ಕಿರಿಯರಿಗೊಂದು ಜಾಗ ಸಿಕ್ಕರೆ ಮಧ್ಯದವರಾದ ನಮಗೆ ಬೇರೆ ಬೇಕಿಲ್ಲ.

2. ಕಾಲ ನೋಡಿ, ನೀರಿನ ಮಟ್ಟ ನೋಡಿ

ಹಿನ್ನೀರಿನ ಕಡೆ ಹೋಗುವವರಿಗೆ ಇದು ಎಲ್ಲಕ್ಕಿಂತ ಮುಖ್ಯ. ನಾವು ಹೋದ ಹಿನ್ನೀರಿನ ದಡದಲ್ಲಿರುವ ಶೆಟ್ಟಿಹಳ್ಳಿಯ ಹಳೇ ಚರ್ಚ್ ಈಗ ಎಲ್ಲರಿಗೂ ಗೊತ್ತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಅಣೆಕಟ್ಟು ಬಂದ ಮೇಲೆ ಊರು ಬೇರೆ ಕಡೆ ಹೋಯಿತು, ಚರ್ಚ್ ಅಲ್ಲೇ ಉಳಿಯಿತು. ಮಳೆ ಚೆನ್ನಾಗಿ ಆದ ವರ್ಷ ಆಗಸ್ಟ್ ಹೊತ್ತಿಗೆ ಅದರ ಗೋಡೆಗಳು ನೀರಿನಲ್ಲಿ ಮುಳುಗಿ, ಮೇಲಿನ ಭಾಗ ಮಾತ್ರ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು, ಚರ್ಚಿನವರೆಗೂ ನಡೆದುಕೊಂಡೇ ಹೋಗಬಹುದು.

ಚಿತ್ರ ತೆಗೆಯಲು ಬರುವವರಿಗೆ ಮಳೆಗಾಲವೇ ಚೆಂದ. ಆದರೆ ನಮ್ಮ ಹಾಗೆ ಹಳೇ ಊರಿನ ನೆಲವನ್ನು ಹುಡುಕಿಕೊಂಡು ಹೋಗುವವರಿಗೆ ಬೇಕಾದದ್ದು ಬತ್ತಿದ ಕಾಲ. ಫೆಬ್ರವರಿಯಿಂದ ಮೇವರೆಗೆ ಅಂತ ಇಟ್ಟುಕೊಳ್ಳಿ. ಅದರಲ್ಲೂ ಒಂದೊಂದು ವರ್ಷ ಒಂದೊಂದು ಥರ. ಕನ್ನಡ ಪತ್ರಿಕೆಗಳಲ್ಲಿ ಜಲಾಶಯಗಳ ನೀರಿನ ಮಟ್ಟ ಬರುತ್ತದಲ್ವಾ, ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೇಮಾವತಿಯ ಗರಿಷ್ಠ ಮಟ್ಟ 2,922 ಅಡಿ. ಇವತ್ತಿನ ಮಟ್ಟ ಅದಕ್ಕೆ ಹತ್ತಿರ ಇದ್ದರೆ ಹಳೇ ನೆಲ ಕಾಣುವುದಿಲ್ಲ. ಅವ್ವನಿಗೆ ಕನ್ನಡಕ ಹಾಕಿಕೊಂಡು ಈ ಪಟ್ಟಿ ಓದುವ ಅಭ್ಯಾಸ ನಾನು ಚಿಕ್ಕವಳಾಗಿದ್ದಾಗಿನಿಂದಲೂ ಇದೆ. ಗದ್ದೆಗೆ ನೀರು ಬಿಡುವ ಲೆಕ್ಕ ನೋಡುತ್ತಾರೆ ಅಂದುಕೊಂಡಿದ್ದೆ. ತನ್ನ ಊರು ಎಷ್ಟು ಅಡಿ ಕೆಳಗಿದೆ ಅಂತ ನೋಡುತ್ತಿದ್ದರು ಅನ್ನುವುದು ಆ ದಿನ ಕಾರಿನಲ್ಲಿ ಕೂತಾಗ ಅವರೇ ಹೇಳಿ ಗೊತ್ತಾಯಿತು.

ಇನ್ನೊಂದು ವಿಷಯ. ದೀಪಾವಳಿ ಹೊತ್ತಿಗೆ ವರ್ಷಕ್ಕೊಮ್ಮೆ ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆಯುತ್ತಾರೆ. ಆಗ ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ದರ್ಶನಕ್ಕೇ ಬರುವುದಾದರೆ ಸರಿ, ಸುತ್ತಾಟಕ್ಕೆ ಆ ದಿನಗಳು ಬೇಡ. ವಾರದ ಮಧ್ಯೆ ರಜೆ ಸಿಕ್ಕರೆ ಇನ್ನೂ ಒಳ್ಳೆಯದು. ಭಾನುವಾರ ಚರ್ಚಿನ ಹತ್ತಿರ ಮದುವೆ ಫೋಟೋ ತೆಗೆಯುವವರ ಗುಂಪು ಜಾಸ್ತಿ.

3. ಎರಡೇ ಜಾಗ, ಮಧ್ಯದಲ್ಲಿ ಹಾಸನ

ಒಂದು ದಿನಕ್ಕೆ ಎರಡು ಜಾಗ ಸಾಕು. ಮೂರನೆಯದನ್ನು ಸೇರಿಸಬೇಡಿ. ದಾರಿಯಲ್ಲೇ ಸಿಗುತ್ತೆ, ಹತ್ತು ನಿಮಿಷದ ಕೆಲಸ ಅಂತ ಯಾರಾದರೂ ಹೇಳುತ್ತಾರೆ. ಹಿರಿಯರಿಗೆ ಗಾಡಿ ಹತ್ತಿ ಇಳಿಯುವುದೇ ಹತ್ತು ನಿಮಿಷ.

ದೊಡ್ಡಗದ್ದವಳ್ಳಿ ಹಾಸನದಿಂದ ಬೇಲೂರು ರಸ್ತೆಯಲ್ಲಿ ಹೋಗಿ, ಸ್ವಲ್ಪ ಒಳಗೆ ತಿರುಗಬೇಕು. ಶೆಟ್ಟಿಹಳ್ಳಿ ಗೊರೂರು ಕಡೆ. ಎರಡೂ ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ಆಸುಪಾಸು, ಆದರೆ ಬೇರೆ ಬೇರೆ ದಿಕ್ಕು. ನಕಾಶೆ ನೋಡಿದವರು "ಅಯ್ಯೋ, ಮತ್ತೆ ಹಾಸನಕ್ಕೆ ವಾಪಸ್ ಬರಬೇಕಲ್ಲ" ಅನ್ನುತ್ತಾರೆ. ನನಗೆ ಬೇಕಾದದ್ದೂ ಅದೇ. ಬೆಳಗ್ಗೆ ಎಂಟಕ್ಕೆಲ್ಲ ಹೊರಟು ದೊಡ್ಡಗದ್ದವಳ್ಳಿ ನೋಡಿ, ಹನ್ನೊಂದೂವರೆಗೆ ಹಾಸನಕ್ಕೆ ಬನ್ನಿ. ಊಟ, ಶೌಚಾಲಯ, ಒಂದು ಗಂಟೆ ಕಾಲು ಚಾಚಿ ಮಲಗುವುದು ಎಲ್ಲ ಅಲ್ಲೇ ಆಗಲಿ. ಮೂರು ಗಂಟೆಗೆ ಗೊರೂರು ಕಡೆ ಹೊರಡಿ. ಹೊರ ಊರಿನಿಂದ ಬರುವವರು ಹಾಸನದಲ್ಲೊಂದು ಲಾಡ್ಜ್ ರೂಮು ಮಾಡಿಬಿಡಿ. ಆ ಒಂದು ಗಂಟೆಯ ನಿದ್ದೆಗೆ ಕೊಟ್ಟ ದುಡ್ಡು ದಂಡ ಅಲ್ಲ. ಬೆಂಗಳೂರಿನಿಂದ ಶ್ರವಣಬೆಳಗೊಳದ ಮೇಲೆ ಬರುವ ರೈಲುದಾರಿ 2017ರಲ್ಲಿ ಶುರುವಾಗಿದೆ. ಮಂಡಿ ನೋವಿನವರಿಗೆ ಬಸ್ಸಿಗಿಂತ ಅದು ಎಷ್ಟೋ ವಾಸಿ.

ದೊಡ್ಡಗದ್ದವಳ್ಳಿ ಬದಲು ಬೇರೆ ಬೇಕೆಂದರೆ ಮೊಸಳೆ ಅನ್ನುವ ಊರಿದೆ. ನಾಗೇಶ್ವರ, ಚೆನ್ನಕೇಶವ ಎರಡು ಗುಡಿಗಳು ಅವಳಿ ಮಕ್ಕಳ ಹಾಗೆ ಪಕ್ಕಪಕ್ಕದಲ್ಲಿ ನಿಂತಿವೆ. ಅರಸೀಕೆರೆ ರಸ್ತೆಯ ಕಡೆ ಕೋರವಂಗಲದ ಬೂಚೇಶ್ವರ ಗುಡಿ ಇದೆ. ಎರಡನೇ ವೀರಬಲ್ಲಾಳನಿಗೆ ಪಟ್ಟ ಆದ 1173ರಲ್ಲಿ ಕಟ್ಟಿಸಿದ್ದು. ಒಂದು ಕಡೆ ಶಿವ, ಎದುರಿಗೆ ಸೂರ್ಯ. ಇವೆಲ್ಲ ಹಾಸನಕ್ಕೆ ಹತ್ತಿರವೇ.

4. ನೀರು, ಮಾತ್ರೆ, ಶೌಚಾಲಯ

ಪ್ರವಾಸದ ಬರಹಗಳಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮ ಮನೆಯ ಹೆಂಗಸರ ಪ್ರವಾಸ ಕೆಡುವುದು ಇಲ್ಲೇ.

ಅವ್ವ ಪ್ರಯಾಣದ ದಿನ ಬೆಳಗ್ಗೆಯಿಂದ ನೀರು ಕುಡಿಯುವುದಿಲ್ಲ. ಕಾಫಿಯನ್ನೂ ಬೇಡ ಅನ್ನುತ್ತಾರೆ. ಯಾಕೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ದಾರಿಯಲ್ಲಿ ಎಲ್ಲಿ ಹೋಗುವುದು, ಗಾಡಿ ನಿಲ್ಲಿಸು ಅಂತ ಅಳಿಯನಿಗೆ ಹೇಗೆ ಹೇಳುವುದು ಅನ್ನುವ ಸಂಕೋಚ. ಆ ಮೂರು ಊರಿನ ಪ್ರವಾಸದ ದಿನ ಅವರಿಗೆ ತಲೆ ಸುತ್ತು ಬಂದದ್ದು, ಕಾಲು ಸೋತದ್ದು ಬರೀ ಬಿಸಿಲಿಗಲ್ಲ. ಮಧ್ಯಾಹ್ನದವರೆಗೆ ಒಂದು ಲೋಟ ನೀರೂ ಹೋಗಿರಲಿಲ್ಲ.

ಈಗ ನಾನು ಮಾಡುವುದು ಇಷ್ಟು. ಹಿಂದಿನ ದಿನವೇ ಅವ್ವನ ಎದುರು ಕೂತು, ಎಲ್ಲೆಲ್ಲಿ ಗಾಡಿ ನಿಲ್ಲುತ್ತದೆ ಅಂತ ಹೇಳುತ್ತೇನೆ. "ಎಂಟಕ್ಕೆ ಮನೆ ಬಿಡ್ತೀವಿ. ಗುಡಿ ಹತ್ತಿರ ಅನುಕೂಲ ಇರಲ್ಲ ಅಂತಲೇ ಇಟ್ಕೋ. ಹನ್ನೊಂದೂವರೆಗೆ ಮನೆಗೇ ವಾಪಸ್. ಮಧ್ಯೆ ಬೇಕು ಅಂದ್ರೆ ಪೆಟ್ರೋಲ್ ಬಂಕ್ ಹತ್ರ ನಾನೇ ನಿಲ್ಲಿಸ್ತೀನಿ, ನೀನು ಕೇಳಬೇಕಾಗಿಲ್ಲ." ಆ ಕೊನೆಯ ಮಾತು ಮುಖ್ಯ. ಕೇಳುವ ಕಷ್ಟ ತಪ್ಪಿದರೆ ಅವರು ನೀರು ಕುಡಿಯುತ್ತಾರೆ. ಬಂಕ್ ಬಂದಾಗ "ನನಗೆ ಹೋಗಬೇಕು, ನೀನೂ ಬಾ" ಅಂತ ಇಳಿಸಿಕೊಂಡು ಹೋಗಿ.

ಬಿಪಿಗೆ ಅಂತ ನೀರು ಹೋಗುವ ಮಾತ್ರೆ ತೆಗೆದುಕೊಳ್ಳುವವರಿದ್ದರೆ, ಪ್ರಯಾಣದ ದಿನ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ. ನೀವೇ ಬಿಡಿಸಬೇಡಿ. ಎಲ್ಲ ಮಾತ್ರೆಗಳನ್ನೂ ಒಂದು ದಿನಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಇಟ್ಟುಕೊಳ್ಳಿ.

5. ಚೀಲಕ್ಕೆ ಏನೇನು

ಮಡಚುವ ಸ್ಟೂಲ್ ಒಂದು. ಇದೊಂದು ಇದ್ದರೆ ಎಲ್ಲಿ ಬೇಕಾದರೂ ಕೂರಬಹುದು. ಕಲ್ಲಿನ ಚಪ್ಪಡಿ ಸುಡುತ್ತದೆ, ಹಾಗಾಗಿ ಎಲ್ಲರಿಗೂ ದಪ್ಪನೆ ಕಾಲುಚೀಲ. ಟಾರ್ಚ್, ಕೊಡೆ, ಒದ್ದೆ ಮಾಡಿದ ಟವೆಲ್, ಚಿಲ್ಲರೆ ಕಾಸು. ಮೊಬೈಲ್ ಸಿಗ್ನಲ್ ಕೈಕೊಟ್ಟರೂ ತೊಂದರೆ ಆಗದ ಹಾಗೆ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಬುತ್ತಿ ಕಟ್ಟಿಕೊಳ್ಳಿ. ಮಧ್ಯಾಹ್ನದ ಊಟ ಹಾಸನದಲ್ಲೇ ಆದರೂ, ಸಂಜೆ ದಡದ ಮೇಲೆ ಕೂತಾಗ ಕೈಗೆ ಏನಾದರೂ ಬೇಕು. ನಾವು ಅಕ್ಕಿರೊಟ್ಟಿಗೆ ಹುಚ್ಚೆಳ್ಳು ಚಟ್ನಿಪುಡಿ ಹಚ್ಚಿ, ಸುರುಳಿ ಸುತ್ತಿ ಬಾಳೆಲೆಯಲ್ಲಿ ಕಟ್ಟಿಕೊಂಡಿದ್ದೆವು.

6. ದೊಡ್ಡಗದ್ದವಳ್ಳಿಯಲ್ಲಿ: ಮಗುವಿನ ಕಣ್ಣಿನಿಂದ ಶುರು ಮಾಡಿ

ಹೊಯ್ಸಳರ ಗುಡಿಗಳಲ್ಲಿ ಇದು ಹಳೆಯದು. 1114ರ ಸುಮಾರಿಗೆ ಕುಲ್ಲಹಣ ರಾಹುತ ಅನ್ನುವ ವರ್ತಕ, ಅವನ ಹೆಂಡತಿ ಸಹಜಾದೇವಿ ಸೇರಿ ಕಟ್ಟಿಸಿದರು. ಅಂದರೆ ಬೇಲೂರಿನ ಚೆನ್ನಕೇಶವನಿಗಿಂತಲೂ ಸ್ವಲ್ಪ ಮೊದಲಿನದು. ರಾಜ ಕಟ್ಟಿಸಿದ್ದಲ್ಲ, ಗಂಡ ಹೆಂಡತಿ ಕಟ್ಟಿಸಿದ್ದು. ಈ ಮಾತು ಹೇಳಿದಾಗ ಅವ್ವ ಒಂದು ಕ್ಷಣ ನಿಂತು, "ಹೆಂಡ್ತಿ ಹೆಸರನ್ನೂ ಕಲ್ಲಿನಲ್ಲಿ ಬರೆಸಿದ್ದಾರಾ?" ಅಂತ ಕೇಳಿದರು. ಆಮೇಲೆ ಒಳಗೆ ಹೋಗುವಾಗ ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿದರು.

ಒಂದೇ ಕಟ್ಟಡದಲ್ಲಿ ನಾಲ್ಕು ಗರ್ಭಗುಡಿ. ಲಕ್ಷ್ಮಿ, ಕಾಳಿ, ಶಿವ, ಇನ್ನೊಂದು ವಿಷ್ಣುವಿಗೆ ಅಂತ ಕಟ್ಟಿದ್ದು. ಲಕ್ಷ್ಮಿ ಹಾಗೂ ಕಾಳಿ ಒಂದೇ ಸೂರಿನಡಿ ಇರುವುದು ಅಪರೂಪ. ಹೊರಗಿನಿಂದ ಗೋಪುರಗಳನ್ನು ನೋಡಿ. ಮೂರು ಗೋಪುರಗಳು ಮೆಟ್ಟಿಲು ಮೆಟ್ಟಿಲಾಗಿ, ಸರಳವಾಗಿ ಏರುತ್ತವೆ. ಲಕ್ಷ್ಮಿಯ ಮೇಲಿನದು ಮಾತ್ರ ಕುಸುರಿ ಕೆಲಸದ್ದು. ಮಕ್ಕಳಿಗೆ "ಇದರಲ್ಲಿ ಬೇರೆ ಥರ ಇರೋದು ಯಾವುದು ಹೇಳು" ಅಂದರೆ ತಾವೇ ಸುತ್ತು ಹಾಕಿ ಕಂಡುಹಿಡಿಯುತ್ತಾರೆ. ನೀವು ಪಾಠ ಮಾಡಬೇಕಾಗಿಲ್ಲ.

ಇನ್ನು ಬೇತಾಳ. ಕಾಳಿಯ ಬಾಗಿಲ ಎರಡೂ ಕಡೆ ಆಳೆತ್ತರದ ಎರಡು ಬೇತಾಳಗಳು ನಿಂತಿವೆ. ಮೈಮೇಲೆ ಬಟ್ಟೆ ಇಲ್ಲ, ಮಾಂಸ ಇಲ್ಲ, ಪಕ್ಕೆಲುಬು ಒಂದೊಂದೂ ಎಣಿಸುವ ಹಾಗೆ ಎದ್ದು ಕಾಣುತ್ತವೆ. ಒಳಗೆ ಕತ್ತಲೆ. ಟಾರ್ಚನ್ನು ನೇರವಾಗಿ ಮುಖಕ್ಕೆ ಬಿಡಬೇಡಿ, ಪಕ್ಕದಿಂದ ಹಿಡಿಯಿರಿ. ಆಗ ಪಕ್ಕೆಲುಬಿನ ನೆರಳು ಬಿದ್ದು ಬೇತಾಳ ಉಸಿರಾಡಿದ ಹಾಗೆ ಅನ್ನಿಸುತ್ತದೆ. ನಮ್ಮ ಹುಡುಗ ಮೊದಲು ಅಜ್ಜಿಯ ಸೆರಗು ಹಿಡಿದುಕೊಂಡ. ಐದು ನಿಮಿಷ ಆದ ಮೇಲೆ ಸೆರಗು ಬಿಟ್ಟು ಪಕ್ಕೆಲುಬು ಎಣಿಸತೊಡಗಿದ.

ಎಣಿಸಲಿ, ಮುಟ್ಟುವುದು ಬೇಡ. ಬಳಪದ ಕಲ್ಲು ಇದು. ಮೆತ್ತಗಿರುವುದರಿಂದಲೇ ಇಷ್ಟು ಸೂಕ್ಷ್ಮ ಕೆಲಸ ಸಾಧ್ಯವಾದದ್ದು. ಇಲ್ಲಿನ ಕಾಳಿಯ ವಿಗ್ರಹ 2020ರ ನವೆಂಬರ್‌ನಲ್ಲಿ ಒಡೆದ ಸ್ಥಿತಿಯಲ್ಲಿ ಸಿಕ್ಕಿತ್ತು. ಸುದ್ದಿ ಕೇಳಿದ ದಿನ ಜಿಲ್ಲೆಯ ಎಷ್ಟೋ ಜನರಿಗೆ ಊಟ ಸೇರಲಿಲ್ಲ. ಒಂಬೈನೂರು ವರ್ಷ ಉಳಿದದ್ದು ಹೋಗಲು ಒಂದು ಗಳಿಗೆ ಸಾಕು ಅಂತ ಮಕ್ಕಳಿಗೆ ಅಲ್ಲೇ ನಿಲ್ಲಿಸಿ ಹೇಳಿ. ಕಾವಲಿಗೆ ಇರುವವರನ್ನು ಮಾತಾಡಿಸಿ. ಕತ್ತಲಲ್ಲಿ ನಮ್ಮ ಕಣ್ಣಿಗೆ ಬೀಳದ ಎಷ್ಟನ್ನೋ ಅವರು ತೋರಿಸುತ್ತಾರೆ.

7. ಹಿನ್ನೀರಿನ ದಡದಲ್ಲಿ: ವಸ್ತುಗಳ ಬಗ್ಗೆ ಕೇಳಿ

ಮೊದಲು ಎಚ್ಚರಿಕೆಯ ಮಾತು. ಚರ್ಚಿನ ಗೋಡೆಗಳು ಶಿಥಿಲವಾಗಿವೆ. ಕಮಾನುಗಳ ಕೆಳಗೆ ನಿಲ್ಲಬೇಡಿ, ಹತ್ತಲು ಹೋಗಲೇಬೇಡಿ. ನೀರಿನ ಅಂಚಿನಲ್ಲಿ ಮೇಲೆ ಒಣಗಿದ ಹಾಗೆ ಕಂಡರೂ ಕೆಳಗೆ ಕೆಸರು ಇರುತ್ತದೆ, ಕಾಲು ಹೂತುಕೊಳ್ಳುತ್ತದೆ. ಮಕ್ಕಳ ಕೈ ಬಿಡಬೇಡಿ. ಲೈಫ್ ಜಾಕೆಟ್ ಇಲ್ಲದೆ ತೆಪ್ಪ ಹತ್ತಬೇಡಿ. ಕತ್ತಲಾಗುವ ಮೊದಲು ಟಾರು ರಸ್ತೆಗೆ ಬಂದುಬಿಡಿ.

ಈಗ ನಿಜವಾದ ಕೆಲಸ. ಹಿರಿಯರನ್ನು ಅವರ ಹಳೇ ಜಾಗಕ್ಕೆ ಕರೆದುಕೊಂಡು ಹೋದಾಗ ನಾವು ಮಾಡುವ ದೊಡ್ಡ ತಪ್ಪು ಒಂದಿದೆ. "ಹೇಗನ್ನಿಸ್ತಾ ಇದೆ?" ಅಂತ ಕೇಳುವುದು. ನಾನೂ ಕೇಳಿದೆ. ಅವ್ವ "ಏನನ್ನಿಸ್ತದೆ, ನೀರು ಕಾಣ್ತದೆ" ಅಂದು ಸುಮ್ಮನಾದರು. ಆ ಮೌನ ನೋಡಿ ನನಗೆ ಭಯ ಆಯಿತು. ಕರೆದುಕೊಂಡು ಬಂದು ತಪ್ಪು ಮಾಡಿದೆನಾ ಅನ್ನಿಸಿತು.

ದಾರಿ ತೆಗೆದವನು ಮಗ. "ಅಜ್ಜಿ, ಬಾವಿ ಎಲ್ಲಿತ್ತು?" ಅಂದ. ಅವ್ವ ಸ್ಟೂಲಿನಿಂದ ಎದ್ದರು. ಚರ್ಚಿನ ಕಡೆ ಬೆನ್ನು ಮಾಡಿ ನಿಂತು, ಕೈ ಚಾಚಿ, "ಅಲ್ಲಿ ತೆವರು ಕಾಣ್ತದಲ್ಲ, ಅದರ ಆಚೆ ಹುಣಸೆಮರ. ಮರದಿಂದ ಇಳಿದ್ರೆ ಬಾವಿ" ಅಂದರು. ಅಲ್ಲಿಂದ ಮಾತು ಒಂದೂವರೆ ಗಂಟೆ ನಿಲ್ಲಲಿಲ್ಲ.

ಹಾಗಾಗಿ ವಸ್ತುಗಳ ಬಗ್ಗೆ ಕೇಳಿ. ಬಾವಿ ಎಲ್ಲಿತ್ತು? ಕಣ ಎಲ್ಲಿ ಮಾಡ್ತಿದ್ರಿ? ಹಗೇವು ಯಾರ ಮನೆ ಮುಂದೆ ಇತ್ತು? ಹೊಳೆಗೆ ಬಟ್ಟೆ ಒಗೆಯೋಕೆ ಯಾವ ದಾರಿಯಲ್ಲಿ ಹೋಗ್ತಿದ್ರಿ? ಮದುವೆ ದಿಬ್ಬಣ ಯಾವ ಕಡೆಯಿಂದ ಬಂತು? ಒಂದು ಕೇಳಿ, ಸುಮ್ಮನಿರಿ. ಅವರು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಕಾಯಿರಿ. ಮಧ್ಯೆ ಬಾಯಿ ಹಾಕಿ ಇಸವಿ ತಿದ್ದಬೇಡಿ. ಮೊಬೈಲಿನಲ್ಲಿ ಧ್ವನಿ ಮಾತ್ರ ರೆಕಾರ್ಡ್ ಮಾಡಿ, ಹೇಳಿಯೇ ಮಾಡಿ. ಕ್ಯಾಮೆರಾ ಮುಖಕ್ಕೆ ಹಿಡಿದರೆ ಅವ್ವ ಸೆರಗು ಸರಿ ಮಾಡಿಕೊಂಡು ಮಾತು ನಿಲ್ಲಿಸುತ್ತಾರೆ. ಮೊಬೈಲನ್ನು ಮಡಿಲಲ್ಲಿಟ್ಟರೆ ಮರೆತೇಬಿಡುತ್ತಾರೆ.

ಆ ದಿನ ಮಣ್ಣಿನಲ್ಲಿ ಅರ್ಧ ಹೂತಿದ್ದ ಒಂದು ಒರಳುಕಲ್ಲು ಸಿಕ್ಕಿತು. ಊರು ಬಿಡುವಾಗ ಜನ ಬಾಗಿಲು, ಜಂತೆ, ಹೆಂಚು ಎಲ್ಲ ಕಿತ್ತು ಗಾಡಿಗೆ ಹಾಕಿಕೊಂಡು ಹೋದರಂತೆ. ಒರಳು ಭಾರ ಅಂತ ಕೆಲವರು ಬಿಟ್ಟರಂತೆ. ಅವ್ವ ಕುಕ್ಕರುಗಾಲಿನಲ್ಲಿ ಕೂತು, ಗುಳಿಯಲ್ಲಿ ತುಂಬಿದ್ದ ಒಣ ಮಣ್ಣನ್ನು ಬೆರಳಿನಿಂದ ಕೆರೆದು ತೆಗೆದರು. ಸಣ್ಣ ಸಣ್ಣ ಬಸವನಹುಳದ ಚಿಪ್ಪುಗಳು ಬಂದವು. ಗುಳಿಯೊಳಗೆ ಅಂಗೈ ಇಟ್ಟು ಒಂದು ಸುತ್ತು ತಿರುಗಿಸಿದರು, ರುಬ್ಬುವ ಹಾಗೆ. "ನಮ್ಮದಲ್ಲ ಇದು. ನಮ್ಮದರ ಅಂಚು ಒಂದು ಕಡೆ ಮುಕ್ಕಾಗಿತ್ತು" ಅಂದರು. ಅಂಥದ್ದು ಸಿಕ್ಕರೆ ಮನೆಗೆ ತರಬೇಡಿ. ಅದು ಯಾರದೋ ಮನೆಯ ಒರಳು. ಹುಡುಕಿಕೊಂಡು ಬರುವವರು ಇನ್ನೂ ಇದ್ದಾರೆ.

ಸ್ವಲ್ಪ ಅತ್ತರೆ ಅಳಲಿ. "ಅಳಬೇಡ, ಬಿಪಿ ಜಾಸ್ತಿ ಆಗುತ್ತೆ" ಅಂತ ಅವಸರ ಮಾಡಬೇಡಿ. ಪಕ್ಕದಲ್ಲಿ ಕೂತಿರಿ. ಆಮೇಲೆ ಬುತ್ತಿ ಬಿಚ್ಚಿ. ರೊಟ್ಟಿಯ ಮೊದಲ ತುಂಡನ್ನು ಅವ್ವ ನೀರಿಗೆ ಹಾಕಿದರು. ಯಾಕೆ ಅಂತ ನಾನು ಕೇಳಲಿಲ್ಲ.

8. ಆ ರಾತ್ರಿಯೇ ಬರೆದಿಡಿ

ನಾಳೆ ಅಂದರೆ ಹೋಯಿತು. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಒಂದು ದೊಡ್ಡ ಹಾಳೆ, ಪೆನ್ಸಿಲ್ ತನ್ನಿ. ಹಿರಿಯರ ಕೈಗೆ ಕೊಡಿ. ಅವ್ವ ಓದಿದ್ದು ನಾಲ್ಕನೇ ಕ್ಲಾಸು. ನಕಾಶೆ ಬರೆಯೋಕೆ ಬರಲ್ಲ ಅಂದರು. "ರಂಗೋಲಿ ಥರ ಹಾಕು" ಅಂದೆ. ಮೊದಲು ಹೊಳೆಯ ಗೆರೆ ಎಳೆದರು. ಅದಕ್ಕೆ ಚುಕ್ಕಿ ಇಟ್ಟ ಹಾಗೆ ಮನೆಗಳನ್ನು ಇಟ್ಟರು. ಒಂದೊಂದು ಚುಕ್ಕಿಗೂ ಮನೆಯ ಹೆಸರು ಹೇಳುತ್ತಾ ಹೋದರು, ಮಗ ಬರೆಯುತ್ತಾ ಹೋದ. ಇಪ್ಪತ್ತಮೂರು ಮನೆ ಆಯಿತು.

ಹಾಳೆಯ ಹಿಂದೆ ತಾರೀಕು, ಯಾರು ಹೇಳಿದ್ದು, ಯಾರು ಬರೆದದ್ದು, ಆ ದಿನ ಜಲಾಶಯದ ಮಟ್ಟ ಎಷ್ಟಿತ್ತು ಎಲ್ಲ ಹಾಕಿ. ಅದರ ಫೋಟೋ ತೆಗೆದು ನೆಂಟರ ವಾಟ್ಸಾಪ್ ಗುಂಪಿಗೆ ಕಳಿಸಿ. ನಾವು ಕಳಿಸಿದ ಅರ್ಧ ಗಂಟೆಗೆ ಸೋದರಮಾವನ ಫೋನ್ ಬಂತು. "ಅಕ್ಕ, ಗುಡಿ ಹಿಂದೆ ಇನ್ನೊಂದು ಮನೆ ಇತ್ತಲ್ಲ, ಮರೆತಿದ್ದೀಯ" ಅಂದರು. ಇಬ್ಬರೂ ಹತ್ತೂವರೆವರೆಗೆ ಆ ಮನೆ ಯಾರದ್ದು ಅಂತ ವಾದ ಮಾಡಿದರು. ತೀರ್ಮಾನ ಆಗಲಿಲ್ಲ.

ಆ ಜಾಗದಲ್ಲಿ ಅವ್ವ ಪೆನ್ಸಿಲ್‌ನಿಂದ ಒಂದು ಖಾಲಿ ಸುತ್ತು ಹಾಕಿ ಬಿಟ್ಟಿದ್ದಾರೆ. ಬರುವ ಮಾರ್ಚ್‌ನಲ್ಲಿ ಮಾವನನ್ನೂ ಕರೆದುಕೊಂಡು ಹೋಗಬೇಕು. ಅವರಿಗೆ ಸಕ್ಕರೆ ಕಾಯಿಲೆ ಇದೆ, ಚೀಲಕ್ಕೆ ಇನ್ನೊಂದು ಸ್ಟೂಲ್ ಸೇರಿಸಿದ್ದೇನೆ.